ಫಝ್ ಪರೀಕ್ಷೆಯಲ್ಲಿ ಕಂಪೈಲರಿನ ಸಾಕ್ಷಿನಿವೇಶ: ಕನ್ನಡ ಅಕ್ಷರಸಂಯೋಜನೆಯ ದೃಷ್ಟಾಂತದೊಡನೆ

೧. ವಿಷಯಪ್ರವೇಶ

ಕುಣಿಗಲಿನ ವರ್ತಕನೊಬ್ಬನು ಗುಬ್ಬಿಯಲ್ಲಿರುವ ತನ್ನ ನಂಟನಿಗೆ ಮೊಬೈಲ್ ಫೋನಿನ ಮೂಲಕ ಕನ್ನಡದಲ್ಲಿ ನಾಲ್ಕು ಮಾತುಗಳನ್ನು ಬರೆದು ಕಳುಹಿಸಿದರೆ, ಆ ಯಂತ್ರವು ಅಕ್ಷರಗಳನ್ನು ಅಕ್ಷರರೂಪದಲ್ಲಿ ಕಳುಹಿಸುವುದಿಲ್ಲ. ಸಂಖ್ಯೆಗಳ ಒಂದು ಸಾಲನ್ನು ಮಾತ್ರ ಕಳುಹಿಸುತ್ತದೆ. "ಗುಬ್ಬಿ" ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರಗಳಾಗಿ ತೋರಿದರೂ ಯೂನಿಕೋಡ್ ಸಂಕೇತದಲ್ಲಿ ಅದು ಗಕಾರ, ಉಕಾರದ ಚಿಹ್ನೆ, ಬಕಾರ, ವಿರಾಮಚಿಹ್ನೆ, ಮತ್ತೆ ಬಕಾರ, ಇಕಾರದ ಚಿಹ್ನೆ ಎಂದು ಆರು ಅಂಶಗಳಾಗುತ್ತದೆ. ಯುಟಿಎಫ್-೮ ಎಂಬ ಸಾಮಾನ್ಯ ಲೇಖನಕ್ರಮದಲ್ಲಿ ಒಂದೊಂದು ಅಂಶಕ್ಕೆ ಮೂರು ಬೈಟುಗಳಂತೆ ಒಟ್ಟು ೧೮ ಬೈಟುಗಳು. ಈ ಸಾಲಿನಲ್ಲಿ ಇಕಾರವು ಕಟ್ಟಕಡೆಗೆ ಬಂದಿದೆ. ಆದರೆ ಪರದೆಯ ಮೇಲೆ ಅದು ಮೊದಲನೆಯ ಬಕಾರದ ತಲೆಯ ಮೇಲೆ ಕೂಡಬೇಕು, ಎರಡನೆಯ ಬಕಾರವು ಒತ್ತಕ್ಷರವಾಗಿ ಕೆಳಕ್ಕೆ ಇಳಿಯಬೇಕು. "ವರ್ಷ" ಎಂಬಲ್ಲಿ ರಕಾರವು ಸಂಖ್ಯೆಗಳ ಸಾಲಿನಲ್ಲಿ ಷಕಾರಕ್ಕಿಂತ ಮೊದಲಿದ್ದರೂ ಬರಹದಲ್ಲಿ ಅರ್ಕಾವೊತ್ತಾಗಿ ಷಕಾರದ ಬಲಕ್ಕೆ ಹೋಗಬೇಕು.

ಹೀಗೆ ಸಂಖ್ಯೆಗಳ ಸಾಲನ್ನು ಅಕ್ಷರಗಳ ಸಾಲಾಗಿ ಮಾರ್ಪಡಿಸುವ ಸಾಫ್ಟ್‌ವೇರುಗಳಲ್ಲಿ ಹಾರ್ಫ್‌ಬಜ್ ಎಂಬುದು ಮುಖ್ಯವಾದುದು. ಪಾರಸೀ ಭಾಷೆಯ "ಹರ್ಫ್", "ಬಾಜ್" ಎಂಬ ಶಬ್ದಗಳಿಂದಾದ ಈ ಹೆಸರಿಗೆ "ತೆರೆದ ಅಕ್ಷರ" ಎಂಬುದು ಭಾವ. ಬೆಹ್‌ದಾದ್ ಎಸ್ಫಹ್‌ಬೋದ್ ಎಂಬ ವಿದ್ವಾಂಸರು ಇದರ ಮುಖ್ಯ ಕರ್ತೃಗಳು. ಆಂಡ್ರಾಯ್ಡ್ ಫೋನುಗಳು, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು, ಲಿಬ್ರೆಆಫೀಸ್ ಎಂಬ ಲೇಖನಸಾಧನ, ಇವೆಲ್ಲ ಕನ್ನಡವನ್ನು ತೋರಿಸುವಾಗ ಇದನ್ನೇ ಆಶ್ರಯಿಸುತ್ತವೆ. ಆದುದರಿಂದ ತುಮಕೂರು ಸೀಮೆಯಲ್ಲಿ ಪ್ರತಿದಿನವೂ ಓದಲ್ಪಡುವ ಕನ್ನಡದ ಬಹುಭಾಗವು ಈ ಒಂದು ಬಾಗಿಲಿನಿಂದ ಹಾದು ಬರುತ್ತದೆಯೆಂದರೆ ಅತ್ಯುಕ್ತಿಯಾಗದು.

ಇಂತಹ ಕಡೆ ತಪ್ಪಿದ್ದರೆ ಏನಾಗುವುದೆಂಬುದಕ್ಕೆ ೨೦೧೮ನೆಯ ಇಸವಿ ಫೆಬ್ರವರಿ ತಿಂಗಳ ಪ್ರಸಂಗವೇ ಉದಾಹರಣೆ. ಆಪಲ್ ಕಂಪೆನಿಯ ಫೋನುಗಳಲ್ಲಿ ತೆಲುಗು ಲಿಪಿಯ ಜಕಾರ, ವಿರಾಮ, ಞಕಾರ, ಕಣ್ಣಿಗೆ ಕಾಣದ ಒಂದು ವಿಭಾಜಕಚಿಹ್ನೆ, ಆಕಾರದ ಚಿಹ್ನೆ ಎಂಬ ಐದು ಅಂಶಗಳು ಈ ಕ್ರಮದಲ್ಲಿ ಬಂದರೆ, ಅದನ್ನು ತೋರಿಸಹೊರಟ ಪ್ರೋಗ್ರಾಮು ಕುಸಿದು ಬೀಳುತ್ತಿತ್ತು. ಸಂದೇಶವನ್ನು ತೆರೆದವನ ದೋಷವೇನೂ ಇಲ್ಲ, ಅಕ್ಷರವೇ ಆಯುಧವಾಗಿತ್ತು. ಬಂಗಾಳಿ ಮತ್ತು ದೇವನಾಗರಿ ಲಿಪಿಗಳ ಕೆಲವು ಸಂಯುಕ್ತಾಕ್ಷರಗಳಿಗೂ ಇದೇ ಗತಿಯಾಗುತ್ತಿತ್ತೆಂದು ಬಳಿಕ ತಿಳಿಯಿತು. ಕೆಲವೇ ದಿನಗಳಲ್ಲಿ ಆ ಕಂಪೆನಿಯು ತಿದ್ದುಪಡಿಯನ್ನು ಹೊರಡಿಸಿತು. ಆ ಸಾಫ್ಟ್‌ವೇರು ಹಾರ್ಫ್‌ಬಜ್ ಅಲ್ಲ, ಆಪಲ್ ಕಂಪೆನಿಯ ಸ್ವಂತದ್ದು. ಕನ್ನಡವು ಆ ಸಲ ಪಾರಾಯಿತು. ಆದರೂ ಕನ್ನಡಕ್ಕೆ ತೀರ ಸಮೀಪದ ಲಿಪಿಯಲ್ಲಿ "ಜ್ಞಾ" ಎಂಬ ಅಕ್ಷರವೊಂದು ಯಂತ್ರವನ್ನು ಕೆಡಹಿತೆಂಬುದು ಕನ್ನಡಿಗರೂ ಯೋಚಿಸತಕ್ಕ ಸಂಗತಿ. ಇಂತಹ ದೋಷಗಳನ್ನು ಬಳಕೆದಾರರ ಕೈಗೆ ಹೋಗುವುದಕ್ಕೆ ಮೊದಲೇ ಹುಡುಕುವ ಬಗೆಗಳಲ್ಲಿ ಫಝ್ ಪರೀಕ್ಷೆಯು ಒಂದು. ಆ ಪರೀಕ್ಷೆಗೆ ಕಣ್ಣನ್ನು ಕೊಡುವುದು ಕಂಪೈಲರು ಮಾಡುವ ಸಾಕ್ಷಿನಿವೇಶ. ಅದರ ಸ್ವರೂಪವನ್ನೂ, ಅದನ್ನು ಉತ್ತಮಗೊಳಿಸಿರುವ ಕ್ರಮಗಳನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

೨. ಫಝ್ ಪರೀಕ್ಷೆಯೆಂದರೇನು

ಪ್ರೋಗ್ರಾಮಿಗೆ ಕ್ರಮವಿಲ್ಲದ ಅಥವಾ ಕ್ರಮಗೆಟ್ಟ ಒಳಪಾಠಗಳನ್ನು ಲಕ್ಷಗಟ್ಟಲೆ ಕೊಟ್ಟು, ಅದು ಎಲ್ಲಿ ಎಡವುವುದೆಂದು ನೋಡುವುದೇ ಫಝ್ ಪರೀಕ್ಷೆ. ಅಮೆರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಬಾರ್ಟನ್ ಮಿಲ್ಲರ್ ಅವರು ೧೯೮೮ರಲ್ಲಿ ಒಂದು ಬಿರುಗಾಳಿಯ ರಾತ್ರಿ ಟೆಲಿಫೋನ್ ತಂತಿಯ ಮೂಲಕ ದೂರದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಾಗ, ಗಾಳಿಮಳೆಗಳ ಗಲಭೆಯಿಂದ ತಂತಿಯಲ್ಲಿ ಅರ್ಥವಿಲ್ಲದ ಅಕ್ಷರಗಳು ನುಸುಳಿ ಬಂದು, ದಿನವೂ ಬಳಸುವ ಪ್ರೋಗ್ರಾಮುಗಳು ಕೆಟ್ಟುನಿಂತವು. ಆ ಅನುಭವವನ್ನೇ ಅವರು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಟ್ಟರು. ೧೯೯೦ರಲ್ಲಿ ಅವರೂ ಅವರ ಶಿಷ್ಯರೂ ಪ್ರಕಟಿಸಿದ ಲೇಖನದಲ್ಲಿ, ಯೂನಿಕ್ಸ್ ವ್ಯವಸ್ಥೆಯ ಉಪಯುಕ್ತ ಪ್ರೋಗ್ರಾಮುಗಳಲ್ಲಿ ಹೆಚ್ಚುಕಡಮೆ ಕಾಲುಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಇಂತಹ ಪಾಠಗಳಿಂದ ಕುಸಿದುವೆಂದು ತೋರಿಸಿದರು.

ಆ ಕಾಲದ ಪರೀಕ್ಷಕನು ಕುರುಡನಂತಿದ್ದನು. ಕಲ್ಲೆಸೆದು ಸದ್ದು ಕೇಳಿದರೆ ಪಾತ್ರೆ ಒಡೆಯಿತೆಂದು ತಿಳಿಯುವನು. ಕೇಳದಿದ್ದರೆ ಕಲ್ಲು ಎಲ್ಲಿ ಬಿತ್ತೆಂಬುದೂ ತಿಳಿಯದು. ಯಾವ ಪಾಠವು ಪ್ರೋಗ್ರಾಮಿನ ಹೊಸ ಒಳಮನೆಯನ್ನು ಹೊಕ್ಕಿತು, ಯಾವುದು ಹೆಬ್ಬಾಗಿಲಿನಿಂದಲೇ ಹಿಂದಿರುಗಿತು ಎಂಬುದನ್ನು ತಿಳಿಯುವ ಬಗೆಯಿದ್ದರೆ, ಒಳಹೊಕ್ಕ ಪಾಠವನ್ನು ಉಳಿಸಿಕೊಂಡು ಅದನ್ನೇ ಇನ್ನಷ್ಟು ಬದಲಿಸಿ ಮುಂದಿನ ಮನೆಗೆ ಹೋಗಬಹುದು. ೨೦೧೩ರಲ್ಲಿ ಮಿಖಾವ್ ಜಲೆವ್‌ಸ್ಕಿ ಎಂಬುವರು ಹೊರಡಿಸಿದ ಎಎಫ್‌ಎಲ್ ಎಂಬ ಸಾಧನವು ಈ ಮಾರ್ಗವನ್ನು ಎಲ್ಲರಿಗೂ ಸುಲಭವಾಗಿಸಿತು. ಅದರಲ್ಲಿ ಮೊದಲು ಕೊಡುವ ಸರಿಯಾದ ಪಾಠಕ್ಕೆ ಬೀಜವೆಂದು ಹೆಸರು; ಬೀಜದಿಂದ ಮೊಳೆತ ವಿಕಾರಗಳಲ್ಲಿ ಹೊಸ ದಾರಿಯನ್ನು ಕಂಡವು ಮಾತ್ರ ಮುಂದಿನ ಬೀಜಗಳಾಗುತ್ತವೆ.

೩. ಸಾಕ್ಷಿಯನ್ನು ಇಡುವವನು ಕಂಪೈಲರು

ಹೊಸ ದಾರಿಯನ್ನು ಕಂಡಿತೆಂದು ಹೇಳುವವರಾರು? ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು, ತಿರುಗಿಸುವಾಗಲೇ, ಕವಲುಗಳಿರುವ ಕಡೆಯಲ್ಲೆಲ್ಲ "ಇಲ್ಲಿಗೆ ಬಂದೆನು" ಎಂದು ಗುರುತು ಮಾಡುವ ಒಂದೆರಡು ಆಜ್ಞೆಗಳನ್ನು ಸೇರಿಸಿಬಿಡುತ್ತದೆ. ಇದಕ್ಕೆ ಇನ್‌ಸ್ಟ್ರುಮೆಂಟೇಷನ್ ಎಂದು ಹೆಸರು. ಈ ಲೇಖನದಲ್ಲಿ ಸಾಕ್ಷಿನಿವೇಶವೆಂದು ಕರೆಯಲಾಗಿದೆ.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಈ ಉಪಾಯವು ಅಪರಿಚಿತವಲ್ಲ. ಪಾಣಿನಿಯು ಧಾತುಗಳಿಗೂ ಪ್ರತ್ಯಯಗಳಿಗೂ ಅನುಬಂಧಗಳನ್ನು ಹಚ್ಚುತ್ತಾನೆ. "ಡುಕೃಞ್" ಎಂಬಲ್ಲಿ ನಿಜವಾದ ಧಾತು "ಕೃ" ಮಾತ್ರ. ಹಿಂದಿನ "ಡು", ಮುಂದಿನ "ಞ್" ಎರಡೂ ಪ್ರಕ್ರಿಯೆಗೆ ಗುರುತುಗಳು. ಸಿದ್ಧರೂಪದಲ್ಲಿ ಅವು ಕೇಳಿಸುವುದಿಲ್ಲ. ಅವುಗಳಿಂದ ಧಾತುವಿನ ಅರ್ಥವೂ ಕೆಡುವುದಿಲ್ಲ. ಸಾಕ್ಷಿಯ ಧರ್ಮವೂ ಇದೇ. ಪರೀಕ್ಷೆಗೆಂದು ಕಟ್ಟಿದ ಪ್ರತಿಯಲ್ಲಿ ಅದು ಇರುತ್ತದೆ, ಜನರಿಗೆ ಕೊಡುವ ಪ್ರತಿಯಲ್ಲಿ ಇರುವುದಿಲ್ಲ. ಇದ್ದಾಗಲೂ ಅದು ಪ್ರೋಗ್ರಾಮು ಕೊಡುವ ಉತ್ತರವನ್ನು ಬದಲಿಸಕೂಡದು.

ಯಂತ್ರಭಾಷೆಗೆ ತಿರುಗಿ ಮುಗಿದ ಪ್ರತಿಯಲ್ಲಿಯೂ ಸಾಕ್ಷಿಗಳನ್ನು ಹುಗಿಯುವ ವಿಧಾನಗಳಿವೆ. ಆದರೆ ಕಂಪೈಲರಿಗೆ ಪ್ರೋಗ್ರಾಮಿನ ರಚನೆಯು ಸಮಾಸವನ್ನು ಬಿಡಿಸಿದಂತೆ ಕಾಣುತ್ತದೆ. ಯಾವುದು ಕವಲು, ಯಾವುದು ಆವರ್ತ, ಯಾವುದು ಯಾವುದರ ಅಧೀನ ಎಂಬುದು ಅದಕ್ಕೆ ಗೊತ್ತು. ಆದುದರಿಂದ ಮೂಲಪಾಠವು ಕೈಯಲ್ಲಿರುವಾಗ ಈ ಕೆಲಸವನ್ನು ಕಂಪೈಲರಿಗೇ ವಹಿಸುವುದು ಲಾಭಕರ. ಎಎಫ್‌ಎಲ್ ಮೊದಲು ಅಸೆಂಬ್ಲಿ ಭಾಷೆಯ ಮಟ್ಟದಲ್ಲಿ ಇದನ್ನು ಮಾಡುತ್ತಿತ್ತು. ಬಳಿಕ ಎಲ್‌ಎಲ್‌ವಿಎಂ ಎಂಬ ಕಂಪೈಲರು ವ್ಯವಸ್ಥೆಯ ಮಧ್ಯಮಭಾಷೆಯಲ್ಲಿಯೇ ಮಾಡುವ ಕ್ರಮವು ಬಂದಿತು.

೪. ಊರಿನ ಸಾಕ್ಷಿ, ದಾರಿಯ ಸಾಕ್ಷಿ

ಮೊದಲನೆಯ ಸುಧಾರಣೆಯು ಸಾಕ್ಷಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಕುರಿತದ್ದು. ಕವಲಿಲ್ಲದೆ ಒಂದೇ ಸಮನೆ ನಡೆಯುವ ಆಜ್ಞೆಗಳ ಗುಂಪನ್ನು ಒಂದು ಊರೆಂದೂ, ಒಂದು ಗುಂಪಿನಿಂದ ಮತ್ತೊಂದಕ್ಕೆ ಹೋಗುವುದನ್ನು ದಾರಿಯೆಂದೂ ಭಾವಿಸಬಹುದು. ಪ್ರಯಾಣಿಕನು ತುಮಕೂರಿನಿಂದ ಹೊರಟು ಕುಣಿಗಲನ್ನು ಸೇರಬೇಕು. ಪಶ್ಚಿಮಕ್ಕೆ ಗುಬ್ಬಿಗೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ತಿರುಗಬಹುದು. ಇಲ್ಲವೆ ಗೂಳೂರಿನ ಮೇಲೆ ನೆಟ್ಟಗೆ ದಕ್ಷಿಣಕ್ಕೆ ಹೋಗಬಹುದು. ಸಾಕ್ಷಿಗಳು ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ ಮಾತ್ರ ಇದ್ದಾರೆಂದು ಇಟ್ಟುಕೊಳ್ಳಿರಿ. ಮೊದಲನೆಯವನು ಗುಬ್ಬಿಯ ಮೇಲೆ ಹೋದನು. ಮೂವರು ಸಾಕ್ಷಿಗಳೂ ಅವನನ್ನು ಕಂಡರು. ಎರಡನೆಯವನು ನೆಟ್ಟಗೆ ಹೋದನು. ತುಮಕೂರಿನವನೂ ಕುಣಿಗಲಿನವನೂ ಕಂಡರು. ಹೊಸ ಊರಾವುದೂ ಪುಸ್ತಕಕ್ಕೆ ಸೇರಲಿಲ್ಲ. ಪರೀಕ್ಷಕನು "ಹೊಸದೇನೂ ಇಲ್ಲ" ಎಂದು ಎರಡನೆಯ ಪಾಠವನ್ನು ಎಸೆದುಬಿಡುವನು. ದೋಷವು ಆ ನೆಟ್ಟನೆಯ ದಾರಿಯಲ್ಲಿಯೇ, ಅಂದರೆ ಒಂದು ಪರಿಶೀಲನೆಯನ್ನು ಬಿಟ್ಟು ಮುಂದೆ ಹೋದಾಗಲೇ, ಇದ್ದಿದ್ದರೆ ಕೈಗೆ ಬಂದುದು ತಪ್ಪಿಹೋದಂತಾಯಿತು.

ಇದಕ್ಕೆ ಪರಿಹಾರವೆಂದರೆ ಗೂಳೂರಿನಲ್ಲಿಯೂ ಒಬ್ಬ ಸಾಕ್ಷಿಯನ್ನು ನಿಲ್ಲಿಸುವುದು. ಹೊರಡುವ ಊರಿನಿಂದ ಎರಡು ದಾರಿಗಳು ಹೊರಟು, ಸೇರುವ ಊರಿಗೆ ಎರಡು ದಾರಿಗಳು ಬಂದು ಸೇರಿದಾಗ, ಅವುಗಳ ನಡುವಣ ನೇರದಾರಿಯನ್ನು ಕಂಪೈಲರು ಸೀಳಿ, ನಡುವೆ ಒಂದು ಬರಿದಾದ ಊರನ್ನು ಕಲ್ಪಿಸಿ, ಅಲ್ಲಿ ಸಾಕ್ಷಿಯನ್ನು ಇಡುತ್ತದೆ. ಎಲ್‌ಎಲ್‌ವಿಎಂ ವ್ಯವಸ್ಥೆಯಲ್ಲಿ ಇದು ರೂಢವಾದ ಕ್ರಮ. ವೇದಾಧ್ಯಯನದ ಭೇದವೂ ಇಂತಹುದೇ. ಪದಪಾಠವು ಪದಗಳನ್ನು ಒಂದೊಂದಾಗಿ ಕಾಪಾಡುತ್ತದೆ. ಒಂದು-ಎರಡು, ಎರಡು-ಮೂರು ಎಂದು ಜೋಡಿಜೋಡಿಯಾಗಿ ಹೇಳುವ ಕ್ರಮಪಾಠವು ಪದಗಳ ಆನುಪೂರ್ವಿಯನ್ನು ಕಾಪಾಡುತ್ತದೆ. ಪದಗಳೆಲ್ಲವೂ ಇದ್ದು ಕ್ರಮ ತಪ್ಪಿದರೆ ಪದಪಾಠವೊಂದರಿಂದಲೇ ಅದು ಹೊರಬೀಳದು.

೫. ಸಾಕ್ಷಿಗಳ ಸಂಖ್ಯೆ ಮತ್ತು ಅವುಗಳ ಸಂಕರ

ಎಎಫ್‌ಎಲ್ ಮೊದಲು ಹಿಡಿದ ಉಪಾಯವು ಬಹು ಲಘುವಾದುದು. ಪ್ರತಿ ಊರಿಗೂ ಕಂಪೈಲರು ಮನಬಂದ ಒಂದು ಸಂಖ್ಯೆಯನ್ನು ಕೊಡುತ್ತದೆ. ಹಿಂದಿನ ಊರಿನ ಸಂಖ್ಯೆಯನ್ನೂ ಈಗಿನ ಊರಿನ ಸಂಖ್ಯೆಯನ್ನೂ ಕ್ಸಾರ್ ಎಂಬ ವಿಧಿಯಿಂದ ಬೆರೆಸಿ, ಬಂದ ಮೊತ್ತವು ತೋರಿಸುವ ಮನೆಯಲ್ಲಿ ಒಂದನ್ನು ಕೂಡಿಸುವುದು. ಬೆರೆಸುವ ಮೊದಲು ಹಿಂದಿನ ಸಂಖ್ಯೆಯನ್ನು ಅರ್ಧ ಮಾಡುತ್ತಾರೆ. ಹಾಗೆ ಮಾಡದಿದ್ದರೆ ತುಮಕೂರಿನಿಂದ ಗುಬ್ಬಿಗೆ ಹೋದುದೂ ಗುಬ್ಬಿಯಿಂದ ತುಮಕೂರಿಗೆ ಬಂದುದೂ ಒಂದೇ ಮೊತ್ತವಾಗುವುದು. ಇದ್ದ ಊರಿನಲ್ಲಿಯೇ ಸುತ್ತಿದರೆ, ಅದು ಯಾವ ಊರಾದರೂ, ಸೊನ್ನೆಯೇ ಬರುವುದು.

ಮನೆಗಳ ಸಂಖ್ಯೆ ೬೫,೫೩೬. ಸಂಖ್ಯೆಗಳು ಮನಬಂದಂತೆ ಬಂದುದರಿಂದ ಎರಡು ಬೇರೆ ದಾರಿಗಳು ಒಂದೇ ಮನೆಯನ್ನು ಹೊಗುವುದುಂಟು. ಲೆಕ್ಕ ಹಾಕಿದರೆ, ೧೦,೦೦೦ ದಾರಿಗಳಿರುವ ಪ್ರೋಗ್ರಾಮಿನಲ್ಲಿ ಸುಮಾರು ನೂರಕ್ಕೆ ೭ರಷ್ಟು, ೨೦,೦೦೦ ಇದ್ದರೆ ಸುಮಾರು ೧೪ರಷ್ಟು, ೫೦,೦೦೦ ಇದ್ದರೆ ಸುಮಾರು ೩೦ರಷ್ಟು ದಾರಿಗಳು ಹೀಗೆ ಸಂಕರವಾಗುತ್ತವೆ. ಸಂಕರವಾದ ದಾರಿಯನ್ನು ಹೊಸದಾಗಿ ತುಳಿದರೂ ಮನೆಯು ಮೊದಲೇ ತುಂಬಿರುವುದರಿಂದ ಸಾಕ್ಷಿಯು ಮೌನವಾಗುತ್ತದೆ. ಸುಳ್ಳು ಹೇಳುವ ಸಾಕ್ಷಿಗಿಂತ ಇದು ಕೆಟ್ಟದ್ದು. ಸುಳ್ಳನ್ನು ಪರೀಕ್ಷಿಸಬಹುದು, ಮೌನವನ್ನು ಪರೀಕ್ಷಿಸುವ ಸಂದರ್ಭವೇ ಬಾರದು.

ಸುಧಾರಣೆಯು ಎರಡು ಬಗೆಯಾಗಿ ಬಂದಿತು. ಒಂದರಲ್ಲಿ ಪ್ರತಿ ಸಾಕ್ಷಿಗೂ ಪ್ರೋಗ್ರಾಮು ಆರಂಭವಾಗುವಾಗ ಅನುಕ್ರಮವಾಗಿ ತನ್ನದೇ ಆದ ಸಂಖ್ಯೆಯನ್ನು ಕೊಡುತ್ತಾರೆ. ಇನ್ನೊಂದರಲ್ಲಿ ಬೇರೆ ಬೇರೆಯಾಗಿ ಕಂಪೈಲಾದ ತುಂಡುಗಳೆಲ್ಲ ಒಂದಾಗಿ ಕೂಡುವ ಜೋಡಣೆಯ ಹಂತದವರೆಗೆ ಕಾದಿದ್ದು, ಇಡೀ ಪ್ರೋಗ್ರಾಮನ್ನು ಒಟ್ಟಿಗೆ ನೋಡಿ ಸಂಖ್ಯೆಗಳನ್ನು ಹಂಚುತ್ತಾರೆ. ಮಾರ್ಕ್ ಹಾಯ್ಸೆ, ಹೈಕೋ ಐಸ್‌ಫೆಲ್ಟ್, ಆಂದ್ರೇಯ ಫಿಯೊರಾಲ್ದಿ, ಡೊಮಿನಿಕ್ ಮೈಯರ್ ಎಂಬುವರು ಬೆಳೆಸಿ ೨೦೨೦ರಲ್ಲಿ ವಿದ್ವತ್ಸಭೆಯ ಮುಂದಿಟ್ಟ ಎಎಫ್‌ಎಲ್ ಪ್ಲಸ್ ಪ್ಲಸ್ ಎಂಬ ಸಾಧನದಲ್ಲಿ ಈ ಎರಡು ಕ್ರಮಗಳೂ ಬಳಕೆಗೆ ಬಂದಿವೆ.

ಇನ್ನೊಂದು ಸೂಕ್ಷ್ಮವುಂಟು. ಪ್ರತಿ ಮನೆಯಲ್ಲಿಯೂ ಒಂದು ಬೈಟು ಮಾತ್ರ ಇರುವುದರಿಂದ ಎಣಿಕೆಯು ೨೫೫ರವರೆಗೆ ಹೋಗಿ, ೨೫೬ನೆಯ ಸಲಕ್ಕೆ ಸೊನ್ನೆಯಾಗುತ್ತದೆ. ಒಂದು ಆವರ್ತವು ಸರಿಯಾಗಿ ೨೫೬ ಸಲ ತಿರುಗಿದರೆ ಅದು ಒಮ್ಮೆಯೂ ತಿರುಗಲಿಲ್ಲವೆಂದು ಸಾಕ್ಷಿ ನುಡಿಯುವುದು. ಎಎಫ್‌ಎಲ್ ಪ್ಲಸ್ ಪ್ಲಸ್‌ನಲ್ಲಿ, ಎಣಿಕೆಯು ಸೊನ್ನೆಗೆ ಬೀಳುವಾಗ ಹೊರಬಿದ್ದ ಶೇಷವನ್ನು ಮರಳಿ ಕೂಡಿಸಿ, ಒಮ್ಮೆ ತುಳಿದ ದಾರಿಯು ಎಂದಿಗೂ ಸೊನ್ನೆಯಾಗದಂತೆ ಮಾಡಿದ್ದಾರೆ.

೬. ಇಕ್ಕಟ್ಟಾದ ಬಾಗಿಲುಗಳು

ಸಾಕ್ಷಿಯು ಪ್ರಾಮಾಣಿಕನಾಗಿದ್ದರೂ ಸಾಲದು. ದಾರಿಯ ಬಾಗಿಲು ಇಕ್ಕಟ್ಟಾಗಿದ್ದರೆ ಪ್ರಯಾಣಿಕನು ಅಲ್ಲಿಗೆ ತಲಪುವುದೇ ಕಷ್ಟ. ಕನ್ನಡದ ಫಾಂಟಿನೊಳಗೆ ಒತ್ತಕ್ಷರ ಮುಂತಾದುವುಗಳ ವಿಧಿಗಳನ್ನು "ಕೆ, ಎನ್, ಡಿ, ೨" ಎಂಬ ನಾಲ್ಕು ಬೈಟುಗಳ ಹೆಸರಿನ ಕೆಳಗೆ ಇಟ್ಟಿರುತ್ತಾರೆ. ಅಕ್ಷರಸಂಯೋಜಕವು ಈ ನಾಲ್ಕನ್ನು ಒಂದೇ ಸಂಖ್ಯೆಯಾಗಿ ಹೋಲಿಸಿದರೆ, ಕುರುಡಾಗಿ ಊಹಿಸುವವನಿಗೆ ೪,೨೯,೪೯,೬೭,೨೯೬ ಸಾಧ್ಯತೆಗಳಲ್ಲಿ ಒಂದು ಮಾತ್ರ ಸರಿ. ಮೂರು ಬೈಟುಗಳು ಸರಿಯಾಗಿದ್ದು ಒಂದು ತಪ್ಪಿದ್ದರೂ ಉತ್ತರವು "ಇಲ್ಲ" ಎಂದೇ. ಎಷ್ಟು ಸಮೀಪಕ್ಕೆ ಬಂದೆನೆಂಬುದು ಪರೀಕ್ಷಕನಿಗೆ ತಿಳಿಯದು.

೨೦೧೬ರಲ್ಲಿ ಲಾಫ್-ಇಂಟೆಲ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ, ಕಂಪೈಲರು ಇಂತಹ ಒಂದು ಹೋಲಿಕೆಯನ್ನು ನಾಲ್ಕು ಹೋಲಿಕೆಗಳಾಗಿ ಒಡೆಯುತ್ತದೆ. ಒಂದೊಂದಕ್ಕೂ ಒಂದೊಂದು ಸಾಕ್ಷಿ. ಮೊದಲ ಬೈಟು ಸರಿಹೋದೊಡನೆಯೇ ಹೊಸ ದಾರಿಯೆಂದು ದಾಖಲೆಯಾಗಿ ಆ ಪಾಠವು ಬೀಜವಾಗುವುದು. ಆಗ ನಾಲ್ಕು ಬೈಟುಗಳಿಗೆ ೨೫೬ರಂತೆ ಹೆಚ್ಚೆಂದರೆ ೧,೦೨೪ ಊಹೆಗಳು ಸಾಕು. ಪ್ರೋಗ್ರಾಮಿನ ಅರ್ಥವು ಎಳ್ಳಷ್ಟೂ ಬದಲಾಗಲಿಲ್ಲ. ಒಂದೇ ಜಿಗಿತದ ಗೋಡೆಯು ನಾಲ್ಕು ಮೆಟ್ಟಿಲುಗಳಾಯಿತು. ೨೦೧೯ರಲ್ಲಿ ಬಂದ ರೆಡ್‌ಕ್ವೀನ್ ಎಂಬ ಸಂಶೋಧನೆಯು ಇನ್ನೂ ಮುಂದೆ ಹೋಗಿ, ಹೋಲಿಸಲ್ಪಟ್ಟ ಎರಡು ಬೆಲೆಗಳನ್ನೇ ಬರೆದಿಟ್ಟುಕೊಂಡು, ಒಳಪಾಠದಲ್ಲಿ ಒಂದರ ಜಾಗದಲ್ಲಿ ಮತ್ತೊಂದನ್ನು ಇಟ್ಟುನೋಡುವ ಮಾರ್ಗವನ್ನು ತೋರಿಸಿತು.

ಕನ್ನಡಕ್ಕೇ ಮೀಸಲಾದ ಬಾಗಿಲು ಹಾರ್ಫ್‌ಬಜ್‌ನಲ್ಲಿ ಒಂದಿದೆ. "ವರ್ಷ"ದಲ್ಲಿ ರಕಾರವು ಅರ್ಕಾವೊತ್ತಾಗುವುದು ಸರಿ. "ರ‍್ಯಾಂಕು" ಎಂದು ಬರೆಯುವಾಗ ರಕಾರವು ಪೂರ್ಣಾಕ್ಷರವಾಗಿಯೇ ನಿಂತು ಯಕಾರವು ಕೆಳಕ್ಕೆ ಇಳಿಯಬೇಕು. ಇದಕ್ಕಾಗಿ ರಕಾರ ಮತ್ತು ವಿರಾಮಗಳ ನಡುವೆ ಕಣ್ಣಿಗೆ ಕಾಣದ ಸಂಯೋಜಕಚಿಹ್ನೆಯೊಂದನ್ನು ಇಡಬೇಕೆಂಬುದು ಯೂನಿಕೋಡಿನ ವಿಧಿ. ಹಳೆಯ ರೂಢಿಯಲ್ಲಿ ಕೆಲವರು ಅದನ್ನು ವಿರಾಮದ ಮುಂದೆ ಇಡುತ್ತಿದ್ದರು. ಆ ಹಳೆಯ ಬರಹವೂ ಸರಿಯಾಗಿ ಕಾಣಲೆಂದು, ಲಿಪಿಯು ಕನ್ನಡವೆ, ಮೊದಲನೆಯದು ರಕಾರವೆ, ಎರಡನೆಯದು ವಿರಾಮವೆ, ಮೂರನೆಯದು ಸಂಯೋಜಕಚಿಹ್ನೆಯೆ ಎಂದು ಒಂದರ ಮೇಲೊಂದು ನೋಡಿ, ಎಲ್ಲವೂ ಹೌದಾದರೆ ಕೊನೆಯೆರಡನ್ನು ಅದಲುಬದಲು ಮಾಡುವ ವಿಧಿಯನ್ನು ಅಲ್ಲಿ ಸೇರಿಸಿದ್ದಾರೆ. ಬರೆದವರ ಕಣ್ಣಿಗೆ ಅದು ಒಂದೇ ವಾಕ್ಯ; ಕಂಪೈಲರಿಗೆ ಅದು ಹಲವು ಕವಲುಗಳ ಸರಣಿ. ಪ್ರತಿ ಕವಲಿನಲ್ಲಿಯೂ ಸಾಕ್ಷಿಯಿದ್ದರೆ ರಕಾರದವರೆಗೆ ಬಂದ ಪಾಠಕ್ಕೂ ವಿರಾಮದವರೆಗೆ ಬಂದ ಪಾಠಕ್ಕೂ ಭೇದ ತಿಳಿಯುವುದು.

೭. ವಿಧಿಗಳ ಪೌರ್ವಾಪರ್ಯ

ಇಲ್ಲಿಯೇ ಒಂದು ತೊಡಕು. ಕಂಪೈಲರಿಗೆ ಸಾಕ್ಷಿನಿವೇಶವೊಂದೇ ಕೆಲಸವಲ್ಲ. ಪ್ರೋಗ್ರಾಮು ಶೀಘ್ರವಾಗಿ ಓಡಲೆಂದು ಅದು ನಾನಾ ಸಂಸ್ಕಾರಗಳನ್ನು ಮಾಡುತ್ತದೆ. ಸಣ್ಣ ಸಣ್ಣ ಕವಲುಗಳನ್ನು ಕೂಡಿಸಿ ಒಂದು ಮಾಡುವುದು, ಕವಲನ್ನೇ ತೆಗೆದು ಎರಡು ಬೆಲೆಗಳಲ್ಲಿ ಒಂದನ್ನು ಆರಿಸುವ ಏಕಾಜ್ಞೆಯನ್ನು ಇಡುವುದು, ಇವು ಅವುಗಳಲ್ಲಿ ಸೇರಿವೆ. ಈ ಸಂಸ್ಕಾರವು ಮೊದಲು ನಡೆದು ಸಾಕ್ಷಿನಿವೇಶವು ಆಮೇಲೆ ನಡೆದರೆ, ಮೇಲೆ ಹೇಳಿದ ಕವಲುಗಳು ಒಂದಾಗಿ ಹೋಗಿ, ಸಾಕ್ಷಿಗೆ ನಿಲ್ಲುವ ಸ್ಥಳವೇ ಇಲ್ಲದಾಗಬಹುದು. ಸಾಕ್ಷಿನಿವೇಶವೇ ಮೊದಲಾದರೆ ಸಾಕ್ಷಿಗಳು ಅಡ್ಡ ನಿಂತು ಸಂಸ್ಕಾರಗಳನ್ನು ತಡೆದು ಪ್ರೋಗ್ರಾಮು ಮಂದವಾಗುವುದು. ನಿಮಿಷಕ್ಕೆ ನಡೆಯುವ ಪರೀಕ್ಷೆಗಳು ಕಡಮೆಯಾಗುವುವು.

ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳಲ್ಲಿ ಹೇಳಿದ ಕಾರ್ಯಗಳು ಹಿಂದಿನ ವಿಧಿಗಳ ದೃಷ್ಟಿಗೆ ಆಗಿಯೇ ಇಲ್ಲದಂತೆ ಎಂಬ ವ್ಯವಸ್ಥೆಯನ್ನು ಬಲ್ಲವರಿಗೆ, ಒಂದೇ ವಿಧಿಗಳು ಕ್ರಮಭೇದದಿಂದ ಬೇರೆ ಫಲವನ್ನು ಕೊಡುವುದು ಹೊಸದಲ್ಲ. ಈಗಿನ ಸಾಧನಗಳು ಮಧ್ಯಮಮಾರ್ಗವನ್ನು ಹಿಡಿದಿವೆ. ಸಂಸ್ಕಾರಗಳು ಬಹುಮಟ್ಟಿಗೆ ಮುಗಿದ ಮೇಲೆಯೇ ಸಾಕ್ಷಿಗಳನ್ನು ಇಟ್ಟು, ಹೋಲಿಕೆಗಳನ್ನು ಮರೆಮಾಡುವ ಕೆಲವು ಸಂಸ್ಕಾರಗಳನ್ನು ಮಾತ್ರ ತಡೆಯುವುದು ಒಂದು. ಏಕಾಜ್ಞೆಯಾಗಿ ಅಡಗಿರುವ ಆಯ್ಕೆಯನ್ನೂ ಕವಲೆಂದೇ ಎಣಿಸಿ ಅದಕ್ಕೂ ಸಾಕ್ಷಿಯನ್ನು ಇಡುವುದು ಮತ್ತೊಂದು.

೮. ಮಿತವ್ಯಯ

ಸಾಕ್ಷಿಗಳು ಹೆಚ್ಚಾದಷ್ಟೂ ವಿವರ ಹೆಚ್ಚು, ವೇಗ ಕಡಮೆ. ಆದುದರಿಂದ ಅನಾವಶ್ಯಕವಾದ ಸಾಕ್ಷಿಗಳನ್ನು ತೆಗೆಯುವುದೂ ಸುಧಾರಣೆಯೇ. ಮೇಲಿನ ದೃಷ್ಟಾಂತದಲ್ಲಿ ತುಮಕೂರು, ಗುಬ್ಬಿ, ಗೂಳೂರು, ಕುಣಿಗಲು ಎಂದು ನಾಲ್ವರು ಸಾಕ್ಷಿಗಳಾದರು. ಎಲ್ಲ ಪ್ರಯಾಣವೂ ತುಮಕೂರಿನಿಂದಲೇ ಹೊರಡುವುದರಿಂದ, ಗುಬ್ಬಿಯವನಾಗಲಿ ಗೂಳೂರಿನವನಾಗಲಿ ಕಂಡೆನೆಂದರೆ ತುಮಕೂರಿನವನನ್ನು ಕೇಳಬೇಕಾದುದೇ ಇಲ್ಲ. ಎರಡು ದಾರಿಗಳೂ ಕುಣಿಗಲಿಗೇ ಸೇರುವುದರಿಂದ ಅಲ್ಲಿಯವನ ಮಾತೂ ಪುನರುಕ್ತಿ. ನಡುದಾರಿಯಲ್ಲಿ ಕುಸಿದ ಓಟವು ಹೇಗೂ ಬೇರೆಯಾಗಿ ದಾಖಲಾಗುತ್ತದೆ. ಆದುದರಿಂದ ಗುಬ್ಬಿ, ಗೂಳೂರುಗಳ ಇಬ್ಬರೇ ಸಾಕು. ಹೀಗೆ ಒ೦ದು ಸ್ಥಾನದ ಸಾಕ್ಷ್ಯದಿಂದ ಮತ್ತೊಂದನ್ನು ಅನುಮಾನಿಸುವ ಕ್ರಮವನ್ನು ಹೀರಾಲಾಲ್ ಅಗ್ರವಾಲ್ ಅವರು ೧೯೯೪ರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಎಲ್‌ಎಲ್‌ವಿಎಂ ವ್ಯವಸ್ಥೆಯೂ ಇಂತಹ ಸಾಕ್ಷಿಗಳನ್ನು ತಾನೇ ಕೈಬಿಡುತ್ತದೆ. ಇದು ಧೂಮದಿಂದ ವಹ್ನಿಯನ್ನು ಅನುಮಾನಿಸುವ ಮಾರ್ಗವೇ. ವ್ಯಾಪ್ತಿಯು ನಿಶ್ಚಿತವಾಗಿರಬೇಕು, ಅಷ್ಟೆ.

೨೦೧೯ರಲ್ಲಿ ಸ್ಟೀಫನ್ ನೇಗಿ ಮತ್ತು ಮ್ಯಾಥ್ಯೂ ಹಿಕ್ಸ್ ಎಂಬುವರು ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದರು. ಹೊಸ ದಾರಿಯನ್ನು ಕಾಣುವ ಪಾಠಗಳು ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಮೆ; ಉಳಿದವೆಲ್ಲ ಕಂಡುದನ್ನೇ ಕಾಣುತ್ತವೆ. ಹೀಗಿರಲು ಒಮ್ಮೆ ನುಡಿದ ಸಾಕ್ಷಿಯನ್ನು ಅಲ್ಲಿಂದ ಎಬ್ಬಿಸಿಬಿಟ್ಟರೆ ಮುಂದಿನ ಓಟಗಳಿಗೆ ಅವನ ಭಾರವಿರದು ಎಂಬುದು ಅವರ ಮತ. ದಿನಗಳು ಕಳೆದಂತೆ ಪರೀಕ್ಷೆಯು ಹಗುರವಾಗುತ್ತದೆ. ಆದರೆ ಆವರ್ತಗಳ ಎಣಿಕೆಯು ಬೇಕೆನ್ನುವವರಿಗೆ ಇದು ಸಾಲದು.

೯. ಪತನದ ಸಾಕ್ಷಿ

ಇದುವರೆಗೆ ಹೇಳಿದ ಸಾಕ್ಷಿಗಳು ದಾರಿಗೆ ಸಂಬಂಧಿಸಿದವು. ದೋಷಕ್ಕೂ ಸಾಕ್ಷಿ ಬೇಕು. ಪ್ರೋಗ್ರಾಮು ತನ್ನದಲ್ಲದ ಸ್ಮೃತಿಸ್ಥಾನವನ್ನು ಓದಿದರೆ ಆ ಕ್ಷಣವೇ ಕುಸಿಯಬೇಕೆಂದಿಲ್ಲ; ನೆರೆಮನೆಯ ಸಂಗತಿಯನ್ನು ಓದಿ ಸುಮ್ಮನೆ ಮುಂದುವರಿಯಬಹುದು. ೨೦೧೨ರಲ್ಲಿ ಕೋನ್‌ಸ್ತಾಂತೀನ್ ಸೆರೆಬ್ರ್ಯಾನಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಡ್ರೆಸ್‌ಸ್ಯಾನಿಟೈಜರ್ ಎಂಬ ಕ್ರಮದಲ್ಲಿ, ಕಂಪೈಲರು ಪ್ರತಿ ಎಂಟು ಬೈಟುಗಳಿಗೆ ಒಂದು ಬೈಟಿನ ನೆರಳನ್ನು ಇಟ್ಟು, ಪದಾರ್ಥಗಳ ಸುತ್ತ ನಿಷಿದ್ಧವಲಯಗಳನ್ನು ಬಿಟ್ಟು, ಪ್ರತಿ ಓದು ಬರಹಕ್ಕೂ ಮೊದಲು ನೆರಳನ್ನು ನೋಡುವಂತೆ ಮಾಡುತ್ತದೆ. ಓಟವು ಸರಾಸರಿ ನೂರಕ್ಕೆ ೭೩ರಷ್ಟು ನಿಧಾನವಾಗುವುದೆಂದು ಕರ್ತೃಗಳೇ ಹೇಳಿದ್ದಾರೆ. ಆದರೂ ಅದರ ಬೆಲೆಯು ತಕ್ಕುದೇ. ೨೦೧೪ರಲ್ಲಿ ಜಗತ್ತನ್ನೇ ಕಳವಳಗೊಳಿಸಿದ ಹಾರ್ಟ್‌ಬ್ಲೀಡ್ ಎಂಬ ದೋಷವು ಓಪನ್ಎಸ್ಎಸ್ಎಲ್ ಸಾಫ್ಟ್‌ವೇರಿನಲ್ಲಿ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದಿತು. ಎಎಫ್‌ಎಲ್ ಮತ್ತು ಈ ನೆರಳಿನ ಸಾಕ್ಷಿಯನ್ನು ಕೂಡಿಸಿ ಓಡಿಸಿದರೆ ಕೆಲವೇ ಗಂಟೆಗಳಲ್ಲಿ ಅದು ಹೊರಬೀಳುತ್ತಿತ್ತೆಂದು ಹಾನ್ನೋ ಬೋಕ್ ಎಂಬ ಪತ್ರಕರ್ತರು ೨೦೧೫ರಲ್ಲಿ ಮಾಡಿ ತೋರಿಸಿದರು.

೧೦. ಉಪಸಂಹಾರ

ಸಾಕ್ಷಿನಿವೇಶದ ಮೇರೆಯನ್ನೂ ಹೇಳಿಬಿಡುವುದು ನ್ಯಾಯ. ಎಲ್ಲ ದಾರಿಗಳನ್ನೂ ತುಳಿದ ಮಾತ್ರಕ್ಕೆ ಪ್ರೋಗ್ರಾಮು ನಿರ್ದುಷ್ಟವಾಗದು. ಒತ್ತಕ್ಷರವು ತಪ್ಪಾದ ಸ್ಥಳದಲ್ಲಿ ಬಂದು ಯಂತ್ರವು ಕುಸಿಯದೆ ಹೋದರೆ, ಮೇಲೆ ಹೇಳಿದ ಯಾವ ಸಾಕ್ಷಿಯೂ ಬಾಯಿ ಬಿಡದು. ಅದನ್ನು ಕನ್ನಡ ಬಲ್ಲವನ ಕಣ್ಣೇ ಕಾಣಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೧೬ರಲ್ಲಿ ಶಂಕುಸ್ಥಾಪನೆಯಾಗಿ ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆಯಾದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯನ್ನು ಈ ಪ್ರಾಂತದ ವಾಚಕರೆಲ್ಲ ಬಲ್ಲರು. ವಿಮಾನಯಾನದ ಸಾಫ್ಟ್‌ವೇರಿಗೆ ಜಗತ್ತಿನಲ್ಲಿ ಪ್ರಮಾಣವಾಗಿರುವ, ೨೦೧೧ರಲ್ಲಿ ಪರಿಷ್ಕೃತವಾದ ಡಿಒ-೧೭೮ಸಿ ಎಂಬ ನಿಬಂಧನೆಯೂ, ಪ್ರಾಣಾಪಾಯಕ್ಕೆ ಎಡೆಯುಳ್ಳ ಭಾಗಗಳಲ್ಲಿ ಪ್ರತಿಯೊಂದು ನಿಬಂಧವಾಕ್ಯದ ಪ್ರತಿಯೊಂದು ಅಂಶವೂ ತಾನಾಗಿಯೇ ನಿರ್ಣಯವನ್ನು ಬದಲಿಸಬಲ್ಲದೆಂದು ಪರೀಕ್ಷೆಯಿಂದ ತೋರಿಸಬೇಕೆನ್ನುತ್ತದೆ. ಅಲ್ಲಿ ಸಾಕ್ಷಿಯು ಪರೀಕ್ಷೆ ಸಾಕೆ ಎಂದು ತೀರ್ಮಾನಿಸುವ ನ್ಯಾಯಾಧಿಪತಿಗೆ ಸಹಾಯಕ. ಫಝ್ ಪರೀಕ್ಷೆಯಲ್ಲಿ ಅದೇ ಸಾಕ್ಷಿಯು ಮುಂದೆ ಎಲ್ಲಿಗೆ ಹೋಗಬೇಕೆಂದು ತೋರಿಸುವ ದಾರಿಗ. ಕೆಲಸ ಬೇರೆ, ಸಾಕ್ಷಿಯ ಸತ್ಯನಿಷ್ಠೆಯು ಎರಡಕ್ಕೂ ಸಮಾನ.

ಹಾರ್ಫ್‌ಬಜ್ ಇಂದು ಓಎಸ್ಎಸ್-ಫಝ್ ಎಂಬ, ೨೦೧೬ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ಪ್ರಕಟಿಸಿದ ಏರ್ಪಾಡಿನಲ್ಲಿ ಎಡೆಬಿಡದೆ ಪರೀಕ್ಷಿಸಲ್ಪಡುತ್ತಿದೆ. ಸಾಕ್ಷಿಗಳನ್ನು ನೆಡುವ ವಿದ್ಯೆಯು ಎಷ್ಟು ಸುಧಾರಿಸಿದರೂ ಬೀಜವನ್ನು ಅದು ತಾನೇ ಹುಟ್ಟಿಸಲಾರದು. ಕೊಟ್ಟ ಬೀಜವನ್ನು ಬೆಳೆಸಬಲ್ಲದು ಮಾತ್ರ. "ರ‍್ಯಾಂಕು" ಎಂಬುದರ ಹಳೆಯ ಬರಹ, ಎರಡು ಮೂರು ಒತ್ತುಗಳುಳ್ಳ ಸಂಸ್ಕೃತಶಬ್ದಗಳು, ಹಳಗನ್ನಡದ ಱಕಾರ ೞಕಾರಗಳು, ಕೈತಪ್ಪಿ ಎರಡು ವಿರಾಮಗಳು ಬಿದ್ದ ಪದಗಳು, ಇಂತಹುವನ್ನು ಆರಿಸಿ ಕೊಡಬಲ್ಲವರು ಕನ್ನಡವನ್ನು ಬರೆಯುವವರೂ ಅಚ್ಚುಮಾಡುವವರೂ ಹೊರತು ಪರದೇಶದ ಯಂತ್ರಗಳಲ್ಲ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಭಾಷಾಪಂಡಿತರೂ ಒಟ್ಟಿಗೆ ಕುಳಿತು ಇಂತಹ ಬೀಜಗಳ ಒಂದು ಕೋಶವನ್ನು ಸಿದ್ಧಪಡಿಸಿ ಕೊಟ್ಟರೆ, ಸಾಕ್ಷಿಗಳು ಕಾದುನಿಂತಿರುವ ಕನ್ನಡದ ದಾರಿಗಳಲ್ಲಿ ಪ್ರಯಾಣಿಕರು ಓಡಾಡತೊಡಗುವರು. ೨೦೧೮ರಲ್ಲಿ "ಜ್ಞಾ"ಕಾರಕ್ಕೆ ಆದ ಗತಿಯು ಕನ್ನಡದ ಯಾವ ಅಕ್ಷರಕ್ಕೂ ಬಾರದಂತೆ ನೋಡಿಕೊಳ್ಳುವುದಕ್ಕೆ ಅದು ಸಾಧ್ಯವಾದ ಮೊದಲ ಹೆಜ್ಜೆಯಾಗುವುದು.